ಕಟ್ಟಿನ ಮಾರ್ಷ್‌ಮೆಲ್ಲೊ

ಬಾಗಲಕೋಟೆ ಜಿಲ್ಲೆಯಲ್ಲಿ ಕೂತು "ಸಕ್ಕರೆ ಬೇಡ" ಅನ್ನೋಕೆ ಧೈರ್ಯ ಬೇಕು. ನಮ್ಮ ಅಪ್ಪ ವರ್ಷಾವರ್ಷ ಕಬ್ಬು ಕಳಿಸುವುದೇ ಸಕ್ಕರೆ ಫ್ಯಾಕ್ಟರಿಗೆ, ಆಮೇಲೆ ಬಿಲ್ಲಿಗಾಗಿ ಕಾಯುವುದೂ ಅಲ್ಲೇ. ಅಂಥ ಮನೆಗೆ ಬೇಸಿಗೆ ರಜೆಗೆ ಬೆಂಗಳೂರಿನಿಂದ ಬಂದ ತಂಗಿಯ ಮಗಳು, ಬ್ಯಾಗಿನ ಜೊತೆ ಅವರಮ್ಮನ ಆದೇಶವನ್ನೂ ತಂದಿದ್ದಳು. ಬಿಳಿ ಸಕ್ಕರೆ ಮುಟ್ಟಿಸುವಂತಿಲ್ಲ. ಆಯ್ತು ಅಂದೆವು. ಆದರೆ ಹುಡುಗಿಗೆ ಬೇಕಾಗಿದ್ದು ಮಾರ್ಷ್‌ಮೆಲ್ಲೊ. ಕಾರ್ಟೂನಿನಲ್ಲಿ ಕಡ್ಡಿಗೆ ಚುಚ್ಚಿ ಬೆಂಕಿಗೆ ಹಿಡಿಯುತ್ತಾರಲ್ಲ, ಆ ಬೆಳ್ಳಗಿನ ಮೆತ್ತನೆಯ ತುಂಡು.

"ಬೆಲ್ಲದ್ದು ಮಾಡೋಣ ಬಾ" ಅಂದೆ. ಮಹಾಲಿಂಗಪುರದ ಬೆಲ್ಲ ಡಬ್ಬಿ ತುಂಬ ಇತ್ತು. (ಬೆಲ್ಲದಲ್ಲೂ ಹೆಚ್ಚಿನ ಪಾಲು ಬಿಳಿ ಸಕ್ಕರೆಯಲ್ಲಿರುವ ಅದೇ ಸುಕ್ರೋಸ್. ಇದನ್ನು ಯಾರೂ ನಮ್ಮ ತಂಗಿಗೆ ಹೇಳಬೇಡಿ.)

ನಿಜವಾದ ತೊಡಕು ಸಕ್ಕರೆಯದ್ದಲ್ಲ, ಮಾರ್ಷ್‌ಮೆಲ್ಲೊವನ್ನು ಗಟ್ಟಿ ಮಾಡುವ ಜೆಲಟಿನ್‌ದು. ಅದನ್ನು ತೆಗೆಯುವುದು ದನ, ಹಂದಿಗಳ ಚರ್ಮ ಮತ್ತು ಎಲುಬಿನಿಂದ. ಇಷ್ಟು ಓದಿ ಹೇಳುವಷ್ಟರಲ್ಲಿ ಅವ್ವ, "ಅದು ಹೊಸ್ತಿಲಾ ದಾಟಂಗಿಲ್ಲ" ಅಂದುಬಿಟ್ಟಳು. ದಾಟಿದ್ದರೂ ಪ್ರಯೋಜನ ಇರಲಿಲ್ಲ ಬಿಡಿ. ಜೆಲಟಿನ್ 35 ಡಿಗ್ರಿ ಆಸುಪಾಸಿನಲ್ಲೇ ಕರಗುತ್ತದೆ, ನಮ್ಮೂರಿನ ಬೇಸಿಗೆ 40 ದಾಟುತ್ತದೆ. ಹಾಗಾಗಿ ಚೈನಾ ಗ್ರಾಸ್ ತಂದೆ. ಇದು ಕಡಲ ಪಾಚಿಯದ್ದು, ಗಟ್ಟಿ ಜೀವ. ಕುದಿಸಿ ಆರಲು ಬಿಟ್ಟರೆ 40 ಡಿಗ್ರಿಯ ಕೆಳಗೆ ಹೆಪ್ಪುಗಟ್ಟುತ್ತದೆ, ಮತ್ತೆ ಕರಗಬೇಕೆಂದರೆ 85 ಡಿಗ್ರಿ ಆಗಬೇಕು. ಬಾಗಲಕೋಟೆಗಾಗಿಯೇ ಹುಟ್ಟಿದ ಪದಾರ್ಥ.

ಆದರೆ ಜೆಲಟಿನ್ ಗಟ್ಟಿ ಮಾಡುವುದರ ಜೊತೆಗೆ ಒಳಗೆ ಗಾಳಿಯನ್ನೂ ಹಿಡಿದಿಡುತ್ತದೆ. ಚೈನಾ ಗ್ರಾಸ್‌ಗೆ ಆ ಕೆಲಸ ಅಷ್ಟಾಗಿ ಬರುವುದಿಲ್ಲ. ನೊರೆಗೆ ಮೊಟ್ಟೆಯ ಬಿಳಿ ಹಾಕೋಣ ಅಂದರೆ ಮತ್ತೆ ಅದೇ ಹೊಸ್ತಿಲು! ಹುಡುಕಿದಾಗ ಸಿಕ್ಕಿದ್ದು ಜೋಯೆಲ್ ರೋಸೆಲ್ ಎಂಬ ಫ್ರೆಂಚ್ ಮನುಷ್ಯ. ಕಾಳು ಬೇಯಿಸಿದ ನೀರನ್ನು ಬಡಿದರೆ ಮೊಟ್ಟೆಯ ಬಿಳಿಯಂತೆ ನೊರೆ ಏಳುತ್ತದೆ ಅಂತ 2014ರಲ್ಲಿ ತೋರಿಸಿಕೊಟ್ಟವನು. ಕಡಲೆ ಬೇಯಿಸಿದ ನೀರಾದರೆ ಇನ್ನೂ ಒಳ್ಳೆಯದಂತೆ.

ಅವತ್ತು ಬಸವ ಜಯಂತಿ. ಹೋಳಿಗೆಗೆ ಬೇಳೆ ಬೆಂದಿತ್ತು. ಬಸಿದ ಕಟ್ಟು ಪಾತ್ರೆ ತುಂಬ ಇತ್ತು.

ಕಟ್ಟು ಅಂದರೆ ನಮ್ಮ ಕಡೆ ಸುಮ್ನೆ ನೀರಲ್ಲ. ಹೋಳಿಗೆಗಿಂತ ಕಟ್ಟಿನ ಸಾರಿಗೇ ಜಾಸ್ತಿ ಆಸೆಪಟ್ಟು ಬರುವ ನೆಂಟರಿದ್ದಾರೆ. ಅವ್ವ ಹೂರಣ ರುಬ್ಬುವುದರಲ್ಲಿದ್ದಾಗ ಒಂದು ತಂಬಿಗೆ ಎತ್ತಿಕೊಂಡು, ಇಂಗಿಸಿ, ಆರಿಸಿ, ಬೀಟರ್ ಹಾಕಿದೆ. ಬಡಿದೆ, ಬಡಿದೆ, ಕೈ ಸೋತಿತು. ನಾಲ್ಕು ಗುಳ್ಳೆ ಎದ್ದವು, ನಮ್ಮನ್ನು ನೋಡಿ ಒಡೆದವು. ಕಾರಣ ತಿಳಿದದ್ದು ಆಮೇಲೆ. ಬೇಳೆ ಉಕ್ಕಬಾರದು ಅಂತ ಅವ್ವ ಕುದಿಯುವಾಗಲೇ ಚಮಚ ಎಣ್ಣೆ ಬಿಡುತ್ತಾಳೆ. ಎಣ್ಣೆ ನೊರೆಯನ್ನು ಕೊಲ್ಲುತ್ತದೆ, ಹಾಕುವುದೇ ಅದಕ್ಕೆ. ಫ್ರಾನ್ಸಿನವರು ಎಬ್ಬಿಸಲು ಒದ್ದಾಡುವ ನೊರೆಯನ್ನು ನಮ್ಮ ಹೆಂಗಸರು ತಲೆಮಾರುಗಳಿಂದ ಅಡಗಿಸುತ್ತಾ ಬಂದಿದ್ದಾರೆ!

ಆ ಕಡೆ ಒಲೆಯ ಮೇಲೆ ಬೆಲ್ಲದ ಪಾಕ. ಅದು 115 ಡಿಗ್ರಿಗೆ ಬರಬೇಕು, ಥರ್ಮಾಮೀಟರ್ ಇಟ್ಟು ನೋಡಿ ಅಂತ ಬರೆದಿತ್ತು. ಮನೆಯಲ್ಲಿದ್ದದ್ದು 42ಕ್ಕೆ ಮುಗಿಯುವಂಥದ್ದು. ಅದನ್ನೇ ಹಿಡಿದು ಯೋಚಿಸುತ್ತಾ ನಿಂತವನನ್ನು ನೋಡಿ ಅವ್ವ, "ಯಾಕೋ, ಬೆಲ್ಲಕ್ಕ ಜ್ವರ ಬಂದೈತೇನು?" ಅಂದಳು. ಬಂದವಳೇ ತಾಟಿನಲ್ಲಿ ನೀರು ಹಾಕಿ, ಒಂದು ಹನಿ ಪಾಕ ಬಿಟ್ಟು, ಬೆರಳಲ್ಲಿ ಉರುಳಿಸಿ, ಮೆತ್ತಗೆ ಉಂಡೆಯಾದದ್ದನ್ನು ತೋರಿಸಿ, "ಇಳಸು" ಅಂತ ಹೇಳಿ ಹೋದಳು. ಹೊರದೇಶದವರ ಅಡುಗೆ ಪುಸ್ತಕದಲ್ಲೂ ಥರ್ಮಾಮೀಟರ್ ಇಲ್ಲದವರಿಗೆ ಹೇಳುವ ಪರೀಕ್ಷೆ ಇದೇ ಅಂತೆ.

ಪಾಕ, ಇಡೀ ಪೊಟ್ಟಣ ಚೈನಾ ಗ್ರಾಸ್, ನೊರೆಯಾಗದ ಕಟ್ಟು ಮೂರನ್ನೂ ಸೇರಿಸಿ ಬೀಟರ್ ಚಾಲೂ ಮಾಡಿದ್ದೇ ತಡ, ಕರೆಂಟ್ ಹೋಯಿತು. ಬಂದಾಗ ಬೋಗುಣಿಯಲ್ಲಿ ಕಂದು ಬಣ್ಣದ ಹಲಗೆಯೊಂದು ಕೂತಿತ್ತು. ಹುಡುಗಿ ಕಡ್ಡಿ ಹಿಡಿದುಕೊಂಡೇ ಕಾಯುತ್ತಿದ್ದಳು. ಒಂದು ತುಂಡು ಚುಚ್ಚಿ ಬೆಂಕಿಗೆ ಹಿಡಿದೆವು. ಅದು ಉಬ್ಬಲಿಲ್ಲ, ಕೆಂಪಗಾಗಲಿಲ್ಲ, ಸೀದಾ ಜಾರಿ ಕೆಂಡದಲ್ಲಿ ಬಿತ್ತು. ಉಳಿದದ್ದಕ್ಕೆ ಅಷ್ಟೊತ್ತಿಗೆ ಇರುವೆ ಸಾಲು ಹಚ್ಚಿದ್ದವು.

"ಕಟ್ಟು ಯಾಕ ಕಡಿಮಿ ಐತಿ?" ಅಂತ ಅವ್ವ ಕೇಳಿದ್ದು ಆಗ. ಹಲಗೆಯ ಕಡೆ ಕೈ ತೋರಿಸಿದೆ. ಅವಳು ಒಂದು ಚೂರು ನಾಲಗೆಗೆ ಹಚ್ಚಿ ನೋಡಿದಳು. ಬೇಳೆ ಕಟ್ಟು, ಬೆಲ್ಲ. ಇನ್ನು ಬೇಕಾಗಿದ್ದು ಹುಣಸೆಹುಳಿ, ಮಸಾಲೆ, ಒಗ್ಗರಣೆ ಅಷ್ಟೇ ಅಲ್ವಾ? ಇರುವೆ ಹತ್ತಿದ ಅಂಚು ಕೊಯ್ದು ಹಾಕಿ, ಉಳಿದದ್ದನ್ನು ಸಾರಿನ ಪಾತ್ರೆಗೆ ಇಳಿಸಿದಳು. ಕುದಿ ಬಂದ ಮೇಲೆ ಹಲಗೆ ಕರಗಿ ಮಾಯವಾಯಿತು. ನೆಂಟರು ಎರಡೆರಡು ಸಲ ಹಾಕಿಸಿಕೊಂಡರು. ನಾನು ಬಾಯಿ ಬಿಡಲಿಲ್ಲ.

ಕಟ್ಟಿನ ಸಾರು ಮರುದಿನಕ್ಕೆ ಇನ್ನೂ ರುಚಿ, ಅದಕ್ಕೆ ಜಾಸ್ತಿ ಮಾಡಿ ಇಡುವುದು. ಬೆಳಿಗ್ಗೆ ಅಪ್ಪ ಹೊಲಕ್ಕೆ ಹೊರಡುವಾಗ ಅವ್ವ ಪಾತ್ರೆಗೆ ಸೌಟು ಹಾಕಿದಳು. ಸೌಟು ಅಲ್ಲೇ ನಿಂತಿತು. ಪಾತ್ರೆ ಬಗ್ಗಿಸಿದರೂ ಸಾರು ಕದಲಲಿಲ್ಲ. ಹುಡುಗಿ ಚಪ್ಪಾಳೆ ತಟ್ಟಿದಳು. ಅಪ್ಪ ಬಗ್ಗಿ ನೋಡಿ, ಬೆರಳಿಂದ ಒತ್ತಿ, ಚಾಕು ತರಿಸಿ ಚೌಕಾಗಿ ಒಂದು ತುಂಡು ಕೊಯ್ದರು.

"ಡಬ್ಬಿನ ಬ್ಯಾಡ ತಗೀ. ರೊಟ್ಟ್ಯಾಗ ಸುತ್ತಿ ಕೊಡು."