ಲಾಕ್ ಫೈಲ್ ಮೊದಲು, ಹೆಡರ್ ಆಮೇಲೆ: ಡಿಫ್ ಓದೋರ ಗೋಳು ಯಾರಿಗೆ ಹೇಳೋದು?

ನಲವತ್ತು ಫೈಲಿನ ಕೋಡ್ ಬದಲಾವಣೆ ತಂದು ರಿವ್ಯೂಗೆ ಸುರೀತಾರೆ. ಯಾವ ಸಾಲು ಬದಲಾಯ್ತು ಅಂತ ತೋರಿಸೋ ಪಟ್ಟಿಯೇ ಡಿಫ್, ಅದರಲ್ಲಿ ಫೈಲುಗಳು ಹೆಸರಿನ ಅಕ್ಷರ ಕ್ರಮದಲ್ಲಿ ಬರ್ತವೆ. ತೆರೆದರೆ ಎದುರಿಗೇ ಸಾವಿರಾರು ಸಾಲಿನ ಲಾಕ್ ಫೈಲು (ಬಳಸೋ ಪ್ಯಾಕೇಜುಗಳ ಆವೃತ್ತಿಗಳನ್ನ ಟೂಲೇ ಬರೆದಿಡೋ ಫೈಲು). ಅದನ್ನ ದಾಟೋಷ್ಟರಲ್ಲಿ ಅರ್ಧ ಗಮನ ಖಾಲಿ. ಸಿ ಪ್ರಾಜೆಕ್ಟ್ ಆದರೆ ಇನ್ನೂ ಚೆಂದ: ಕೋಡಿರೋ ಪಾರ್ಸರ್.ಸಿ ಮೊದಲು, ಘೋಷಣೆಗಳಿರೋ ಹೆಡರ್ ಫೈಲು ಪಾರ್ಸರ್.ಎಚ್ ಆಮೇಲೆ. ಸ್ಟ್ರಕ್ಟಿಗೆ ಸೇರಿಸಿದ ಫೀಲ್ಡು ಹೆಡರ್‌ನಲ್ಲಿದೆ, ಅದರ ಬಳಕೆ ಮಾತ್ರ ಮೊದಲೇ ಓದಿ ಆಗಿರತ್ತೆ. ಮತ್ತೆ ಮೇಲೆ ಹೋಗಿ, ಮತ್ತೆ ಓದಿ.

ಕೋಡಿನ ಬದಲಾವಣೆಗಳ ಲೆಕ್ಕ ಇಡೋ ಗಿಟ್‌ನಲ್ಲಿ ಇದಕ್ಕೆ ಮದ್ದಿಲ್ಲ ಅಂದುಕೊಂಡಿದ್ದರೆ ಕೋಪ ಬರ್ತಿರಲಿಲ್ಲ. ಇದೆ! ಡಿಫ್.ಆರ್ಡರ್‌ಫೈಲ್ ಅನ್ನೋ ಸೆಟ್ಟಿಂಗು. ಒಂದು ಟೆಕ್ಸ್ಟ್ ಫೈಲಿನಲ್ಲಿ ಸಾಲಿಗೊಂದು ಪ್ಯಾಟರ್ನ್ (ಫೈಲ್ ಹೆಸರಿನ ಮಾದರಿ, * ಅಂದರೆ ಏನು ಬೇಕಾದರೂ): ಮೊದಲು ಡಾಕ್ಸ್, ಆಮೇಲೆ *.ಎಚ್, ಆಮೇಲೆ *.ಸಿ. ಗಿಟ್ ಕಾನ್ಫಿಗ್‌ನಲ್ಲಿ ಆ ಫೈಲಿನ ಪಾತ್ ಕೊಟ್ಟರೆ ಮುಗೀತು. ಕ್ಯೂಎಮು ಅನ್ನೋ ಎಮ್ಯುಲೇಟರ್ ಪ್ರಾಜೆಕ್ಟ್ ತನ್ನ ಸ್ಕ್ರಿಪ್ಟ್ಸ್ ಫೋಲ್ಡರಿನಲ್ಲೇ ಇಂಥ ಫೈಲ್ ಇಟ್ಟಿದೆ. ಯಾವ ಪ್ಯಾಟರ್ನಿಗೂ ಸಿಗದ ಫೈಲುಗಳು ತಾವಾಗೇ ಕೊನೆಗೆ ಹೋಗ್ತವೆ. ಅಂದರೆ ಲಾಕ್ ಫೈಲನ್ನ ಹೆಸರಿಸೋದೇ ಬೇಡ. ಕೊನೆಯಲ್ಲಿ ಬರೀ * ಹಾಕಿ ಅದರ ಕೆಳಗೆ ಏನಾದರೂ ಬರೆದರೆ ಅದು ವ್ಯರ್ಥ, ಯಾಕಂದ್ರೆ ಮೊದಲು ಹೊಂದಿದ ಸಾಲೇ ಗೆಲ್ಲೋದು. ಎಸ್‌ಆರ್‌ಸಿ/* ಮೇಲಿಟ್ಟು, ಅದರೊಳಗಿನ ಟೆಸ್ಟುಗಳಿಗೆ ಕೆಳಗೆ ಇನ್ನೊಂದು ಸಾಲು ಬರೆಯೋ ಮಹಾನುಭಾವರೂ ಇದ್ದಾರೆ. ಇಲ್ಲಿ ನಕ್ಷತ್ರ ಸ್ಲ್ಯಾಶನ್ನೂ ನುಂಗತ್ತೆ ಸ್ವಾಮಿ, ಟೆಸ್ಟಿನ ಸಾಲು ಮೇಲೆ ಹೋಗಬೇಕು.

ಸಿಟ್ಟು ಬರೋದು ಈ ಫೈಲ್ ಕೆಲಸ ಮಾಡದಿದ್ದಾಗ ಬಾಯೇ ಬಿಡಲ್ಲ ಅನ್ನೋದಕ್ಕೆ. ವಿಂಡೋಸ್‌ನಲ್ಲಿ ಸೇವ್ ಮಾಡಿ ಸಾಲಿನ ತುದಿಗೆ ಕ್ಯಾರೇಜ್ ರಿಟರ್ನ್ ಅನ್ನೋ ಕಾಣದ ಅಕ್ಷರ ಅಂಟಿತೋ, ಅದೂ ಪ್ಯಾಟರ್ನಿನ ಭಾಗ ಆಗತ್ತೆ, ಒಂದು ಫೈಲೂ ಹೊಂದಲ್ಲ. ಎರರ್ ಇಲ್ಲ, ವಾರ್ನಿಂಗ್ ಇಲ್ಲ, ಹಳೇ ಕ್ರಮ ಹಾಗೇ. ಅದು ಅಂಟದ ಹಾಗೆ ಗಿಟ್ ಆಟ್ರಿಬ್ಯೂಟ್ಸ್‌ನಲ್ಲಿ (ಫೈಲುವಾರು ನಿಯಮ ಬರೆಯೋ ಫೈಲು) ಆ ಫೈಲಿಗೆ ಇಒಎಲ್=ಎಲ್‌ಎಫ್ ಹಾಕಿ. ಫೋಲ್ಡರ್ ಹೆಸರಿನ ಕೊನೆಗೆ ಸ್ಲ್ಯಾಶ್ ಇಟ್ಟರೂ ಇದೇ ಕಥೆ, ಬರೀ ಹೆಸರು ಸಾಕು. ಆದರೆ ಈ ಆರ್ಡರ್ ಫೈಲೇ ಇಲ್ಲದ ಹಳೇ ಬ್ರಾಂಚಿಗೆ (ಕೋಡಿನ ಕವಲಿಗೆ) ಹೋದರೆ ಮಾತ್ರ ಗಿಟ್ ಡಿಫ್ ಓಡೋದೇ ಇಲ್ಲ, ಫೇಟಲ್ ಅಂತ ಕಿರುಚತ್ತೆ! ಪಾತ್ ವರ್ಕಿಂಗ್ ಟ್ರೀಯಿಂದ (ಪ್ರಾಜೆಕ್ಟಿನ ಫೈಲುಗಳಿರೋ ಫೋಲ್ಡರಿನಿಂದ) ಹೊರಗಿನದು ಕೊಟ್ಟರೆ ಆ ಕಾಟ ತಪ್ಪತ್ತೆ.

ಇನ್ನು ಕೆಲವರ ಜಾಣತನ: ಲಾಕ್ ಫೈಲಿಗೆ, ಇದರ ಡಿಫ್ ತೋರಿಸಬೇಡ ಅನ್ನೋ ಮೈನಸ್ ಡಿಫ್ ಆಟ್ರಿಬ್ಯೂಟ್ ಹಾಕಿಬಿಡೋದು. ಕೆಳಗೆ ತಳ್ಳಿ ಅಂದರೆ ಕಣ್ಣಿಂದಲೇ ಮರೆ ಮಾಡೋದಾ? ಗೊತ್ತಿಲ್ಲದ ಪ್ಯಾಕೇಜ್ ನುಸುಳಿದರೂ 'ಬೈನರಿ ಫೈಲುಗಳು ಬೇರೆಯಿವೆ' ಅನ್ನೋ ಒಂದೇ ಸಾಲು ಕಾಣತ್ತೆ.

ಈ ಡಿಫ್.ಆರ್ಡರ್‌ಫೈಲ್ ಕಾನ್ಫಿಗ್ ಕ್ಲೋನ್ (ಇಳಿಸಿಕೊಂಡ ಪ್ರಾಜೆಕ್ಟಿನ ಪ್ರತಿ) ಜೊತೆ ಬರೋದೂ ಇಲ್ಲ, ಪ್ರತಿಯೊಬ್ಬರೂ ತಮ್ಮ ಮೆಷೀನಿನಲ್ಲಿ ಹಾಕ್ಕೋಬೇಕು. ಸರ್ವರಿನ ರಿವ್ಯೂ ಪುಟಕ್ಕೆ ನಿಮ್ಮ ಮೆಷೀನಿನ ಸೆಟ್ಟಿಂಗ್ ಗೊತ್ತಾಗೋ ದಾರಿಯೇ ಇಲ್ಲ. ಹಾಗಾಗಿ ಬ್ರಾಂಚ್ ಫೆಚ್ ಮಾಡಿ, ಬ್ರಾಂಚಿನಲ್ಲಾದ ಬದಲಾವಣೆ ಮಾತ್ರ ಕಾಣೋ ಹಾಗೆ ಮೇನ್ ಮತ್ತು ಬ್ರಾಂಚಿನ ನಡುವೆ ಮೂರು ಚುಕ್ಕೆ ಇಟ್ಟು ಟರ್ಮಿನಲ್‌ನಲ್ಲಿ ಡಿಫ್ ಓದಿ, ಕಾಮೆಂಟ್ ಬರೆಯೋಕೆ ಮತ್ತೆ ಬ್ರೌಸರಿಗೆ ಓಡಿ, ಅಲ್ಲಿ ಅದೇ ಲಾಕ್ ಫೈಲ್ ದಾಟಿ ಆ ಸಾಲು ಹುಡುಕಿ.