ಎಕ್ಸ್ ಒತ್ತಿದರೂ ಮುಚ್ಚದ ಪ್ರೋಗ್ರಾಂಗಳು

ಕಂಪ್ಯೂಟರ್ ಪರದೆಯ ಬಲಮೂಲೆಯಲ್ಲಿರುವ ಎಕ್ಸ್ ಗುರುತು ಒತ್ತಿದರೆ ಏನಾಗಬೇಕು? ಪ್ರೋಗ್ರಾಂ ಮುಚ್ಚಬೇಕು. ಇದನ್ನು ಯಾರೂ ಹೇಳಿಕೊಡಬೇಕಾಗಿಲ್ಲ. ಆದರೆ ಮೈಕ್ರೋಸಾಫ್ಟ್‌ನ ಪಾಕೆಟ್ ಪಿಸಿ, ಅಂದರೆ ಅಂಗೈಯಲ್ಲಿ ಹಿಡಿಯುವ ಪುಟ್ಟ ಕಂಪ್ಯೂಟರ್, ಬಳಸಿದವರಿಗೆ ಬೇರೆಯದೇ ಅನುಭವ. ಅಲ್ಲೂ ಅದೇ ಮೂಲೆಯಲ್ಲಿ ಅದೇ ಎಕ್ಸ್ ಇತ್ತು. ಸ್ಟೈಲಸ್ ಅನ್ನೋ ಕಡ್ಡಿಯಿಂದ ಒತ್ತಿದರೆ ಪ್ರೋಗ್ರಾಂ ಪರದೆಯಿಂದ ಮಾಯವಾಗುತ್ತಿತ್ತು. ಅಷ್ಟೇ. ಹಿಂದೆ ಎಲ್ಲೋ ಕೂತು ಮೆಮೊರಿ ತಿನ್ನುವುದನ್ನು ಮಾತ್ರ ಬಿಡುತ್ತಿರಲಿಲ್ಲ.

ನಿಜವಾಗಿ ಮುಚ್ಚಬೇಕು ಅಂದರೆ ದಾರಿ ಉದ್ದ. ಸ್ಟಾರ್ಟ್ ಒತ್ತಿ, ಸೆಟ್ಟಿಂಗ್ಸ್‌ಗೆ ಹೋಗಿ, ಕೆಳಗೆ ಸಿಸ್ಟಮ್ ಅನ್ನೋ ಟ್ಯಾಬ್ ಹುಡುಕಿ, ಮೆಮೊರಿ ತೆರೆದು, ಅದರೊಳಗೆ ರನ್ನಿಂಗ್ ಪ್ರೋಗ್ರಾಮ್ಸ್ ಅನ್ನೋ ಇನ್ನೊಂದು ಟ್ಯಾಬ್‌ಗೆ ಹೋಗಬೇಕು. ಅಲ್ಲಿ ನೀವು ಯಾವಾಗಲೋ ಎಕ್ಸ್ ಒತ್ತಿ "ಮುಚ್ಚಿದ" ಪ್ರೋಗ್ರಾಂಗಳೆಲ್ಲ ಸಾಲಾಗಿ ಕೂತಿರುತ್ತಿದ್ದವು! ಒಂದನ್ನು ಆರಿಸಿ ಆಕ್ಟಿವೇಟ್ ಒತ್ತಿದರೆ ಅದು ಮುಂದೆ ಬರುತ್ತಿತ್ತು. ಸ್ಟಾಪ್ ಒತ್ತಿದರೆ ಮುಚ್ಚುತ್ತಿತ್ತು. ಎಲ್ಲವನ್ನೂ ಒಟ್ಟಿಗೆ ಮುಚ್ಚಲು ಸ್ಟಾಪ್ ಆಲ್. ದಿನಕ್ಕೆ ಹತ್ತಾರು ಸಲ ಬೇಕಾಗುವ ಕೆಲಸವನ್ನು ಇಷ್ಟು ಒಳಗೆ ಹೂತಿಟ್ಟವರಿಗೆ ಏನನ್ನಬೇಕೋ ನನಗೆ ಇವತ್ತಿಗೂ ಗೊತ್ತಿಲ್ಲ.

ಆದರೆ ಒಂದು ಮಾತು ಒಪ್ಪಬೇಕು. ಇದು ದಡ್ಡತನದಿಂದ ಆದದ್ದಲ್ಲ, ಹಿಂದೆ ಒಂದು ಲೆಕ್ಕಾಚಾರ ಇತ್ತು. 2000ದಲ್ಲಿ ಬಂದ ಮೊದಲ ಪಾಕೆಟ್ ಪಿಸಿಗಳಲ್ಲಿ ಈ ಎಕ್ಸ್ ಇರಲೇ ಇಲ್ಲ. ಪ್ರೋಗ್ರಾಂ ಮುಚ್ಚುವ ತಲೆನೋವು ಬಳಸುವವರಿಗೆ ಯಾಕೆ, ಅದನ್ನು ಯಂತ್ರವೇ ನೋಡಿಕೊಳ್ಳಲಿ ಅನ್ನೋದು ಯೋಚನೆ. ಒಮ್ಮೆ ತೆರೆದ ಪ್ರೋಗ್ರಾಂ ಮೆಮೊರಿಯಲ್ಲೇ ಉಳಿದರೆ ಮುಂದಿನ ಸಲ ತಟ್ಟನೆ ಬರುತ್ತದೆ. ಆಗಿನ ಪ್ರೊಸೆಸರ್‌ಗಳ ವೇಗ ನೆನೆಸಿಕೊಳ್ಳಿ. ಕಾಂಪ್ಯಾಕ್ ಕಂಪನಿಯ ಐಪ್ಯಾಕ್ ಅನ್ನೋ ಪಾಕೆಟ್ ಪಿಸಿಯ ಮೊದಲ ಮಾಡೆಲ್‌ನಲ್ಲಿದ್ದದ್ದು 206 ಮೆಗಾಹರ್ಟ್ಸ್, ಅದೇ ಆಗ ದೊಡ್ಡ ವೇಗ. ಹಾಗಾಗಿ ಪ್ರೋಗ್ರಾಂಗಳನ್ನು ಸುಮ್ನೆ ಪಕ್ಕಕ್ಕಿಡೋದು ಜಾಣತನವೇ. ಆದರೆ ಮುಚ್ಚುವ ಗುಂಡಿ ಎಲ್ಲಿ ಅಂತ ಜನ ಕೇಳುತ್ತಲೇ ಇದ್ದರು. ಪಾಕೆಟ್ ಪಿಸಿ 2002 ಅನ್ನೋ ಮುಂದಿನ ಆವೃತ್ತಿಯಲ್ಲಿ ಎಕ್ಸ್ ಬಂತು. ಬಂದರೂ ಅದು ಮುಚ್ಚಲಿಲ್ಲ, ಬಚ್ಚಿಟ್ಟಿತು. "ಸ್ಮಾರ್ಟ್ ಮಿನಿಮೈಸ್" ಅಂತ ಅದಕ್ಕೊಂದು ಹೆಸರು ಬೇರೆ.

ನನ್ನ ತಕರಾರು ಇಲ್ಲೇ ಇರೋದು. ಎಕ್ಸ್ ಕೊಡದೇ ಇದ್ದಿದ್ದರೆ ಅದು ಒಂದು ನಿಲುವು. ಮುಚ್ಚುವ ಎಕ್ಸ್ ಕೊಟ್ಟಿದ್ದರೆ ಅದೂ ಒಂದು ನಿಲುವು. ಮುಚ್ಚದ ಎಕ್ಸ್ ಕೊಟ್ಟಿದ್ದು ಮಾತ್ರ ಕಣ್ಣೊರೆಸುವ ಕೆಲಸ. ಹಿಂದಿನ ಹ್ಯಾಂಡ್‌ಹೆಲ್ಡ್ ಪಿಸಿಗಳಲ್ಲಿ, ಅಂದರೆ 1996ರಿಂದ ಬಂದ ಕೀಬೋರ್ಡ್ ಇರುವ ಪುಟ್ಟ ಮಡಚುವ ಯಂತ್ರಗಳಲ್ಲಿ, ಪಾಕೆಟ್ ಪಿಸಿಯಲ್ಲಿದ್ದ, ಪುಟ್ಟ ಯಂತ್ರಗಳಿಗೆಂದೇ ಮಾಡಿದ ಇದೇ ಕಂಪನಿಯ ವಿಂಡೋಸ್ ಸಿಇಯೇ ಇತ್ತು. ಅಲ್ಲಿ ಕೆಳಗೆ ಟಾಸ್ಕ್‌ಬಾರ್ ಇತ್ತು, ಎಕ್ಸ್ ಒತ್ತಿದರೆ ಪ್ರೋಗ್ರಾಂ ನಿಜವಾಗಿಯೂ ಮುಚ್ಚುತ್ತಿತ್ತು. ಒಂದೇ ಮನೆಯ ಎರಡು ಯಂತ್ರಗಳಲ್ಲಿ ಒಂದೇ ಗುರುತಿಗೆ ಎರಡು ಅರ್ಥ!

ಯಂತ್ರವೇ ನೋಡಿಕೊಳ್ಳುತ್ತೆ ಅಂದರಲ್ಲ, ಹೇಗೆ ನೋಡಿಕೊಳ್ಳುತ್ತಿತ್ತು? ಮೆಮೊರಿ ಕಡಿಮೆಯಾದಾಗ ವಿಂಡೋಸ್ ಸಿಇ ಹಿಂದಿರುವ ಪ್ರೋಗ್ರಾಂಗಳಿಗೆ "ಹೈಬರ್ನೇಟ್" ಅನ್ನೋ ಸಂದೇಶ ಕಳಿಸುತ್ತಿತ್ತು. ಬೇಡದ ಮೆಮೊರಿ ಬಿಟ್ಟುಕೊಡಿ, ಸ್ವಲ್ಪ ಅಡ್ಜಸ್ಟ್ ಮಾಡಿಕೊಳ್ಳಿ ಅಂತ. ಅದೂ ಸಾಲದಿದ್ದರೆ, ಬಹಳ ಹೊತ್ತಿನಿಂದ ಮುಟ್ಟದೇ ಇರುವ ಪ್ರೋಗ್ರಾಂ ಅನ್ನು ತಾನೇ ಮುಚ್ಚುತ್ತಿತ್ತು. ಕಾಗದದ ಮೇಲೆ ಚೆನ್ನಾಗಿದೆ. ಆದರೆ ಆ ಸಂದೇಶಕ್ಕೆ ಕಿವಿಗೊಡಬೇಕಾದವರು ಪ್ರೋಗ್ರಾಂ ಬರೆದವರು. ಎಷ್ಟೋ ಮಂದಿ ಅದರ ಗೋಜಿಗೇ ಹೋಗಲಿಲ್ಲ. ಹಾಗಾಗಿ ಯಂತ್ರ ಮೊದಲು ತೆವಳಲು ಶುರು ಮಾಡುತ್ತಿತ್ತು, ಆಮೇಲೆ ನೀವು ಅರ್ಧ ಓದಿ ಬಿಟ್ಟಿದ್ದ ಪುಸ್ತಕದ ಪ್ರೋಗ್ರಾಂ ಹೇಳದೇ ಕೇಳದೇ ಮುಚ್ಚಿಹೋಗಿರುತ್ತಿತ್ತು. ನೀವು ಮುಚ್ಚಬೇಕು ಅಂದಾಗ ಮುಚ್ಚೋಲ್ಲ, ಬೇಡ ಅಂದಾಗ ಮುಚ್ಚುತ್ತೆ.

ಇನ್ನೊಂದು ಸಂಗತಿ ಈಗಿನವರಿಗೆ ಗೊತ್ತಿರಲಿಕ್ಕಿಲ್ಲ. ಆ ಯಂತ್ರಗಳಲ್ಲಿ ಫೈಲುಗಳೂ ವಿದ್ಯುತ್ ನಿಂತರೆ ಅಳಿಸಿಹೋಗುವ ಮೆಮೊರಿಯಾದ ರ‍್ಯಾಮ್‌ನಲ್ಲೇ ಇರುತ್ತಿದ್ದವು. ಮೊದಲ ಐಪ್ಯಾಕ್‌ನ 32 ಎಂಬಿಯಲ್ಲಿ ನಿಮ್ಮ ಟಿಪ್ಪಣಿ, ವಿಳಾಸ, ಹಾಕಿಕೊಂಡ ಪ್ರೋಗ್ರಾಂ, ಓಡುತ್ತಿರುವ ಪ್ರೋಗ್ರಾಂ ಎಲ್ಲವೂ ಪಾಲು ಹಂಚಿಕೊಳ್ಳಬೇಕು. ಮೆಮೊರಿ ಪರದೆಯಲ್ಲಿ ಒಂದು ಸ್ಲೈಡರ್ ಇತ್ತು, ಅತ್ತ ಎಳೆದರೆ ಫೈಲಿಗೆ ಜಾಸ್ತಿ, ಇತ್ತ ಎಳೆದರೆ ಪ್ರೋಗ್ರಾಂಗೆ ಜಾಸ್ತಿ. ಬ್ಯಾಟರಿ ಪೂರ್ತಿ ಖಾಲಿಯಾದರೆ ಎರಡೂ ಗೋವಿಂದ. 2005ರಲ್ಲಿ ಪಾಕೆಟ್ ಪಿಸಿಯ ಹೊಸ ಆವೃತ್ತಿ ವಿಂಡೋಸ್ ಮೊಬೈಲ್ 5 ಬಂದ ಮೇಲೆ ಫೈಲುಗಳು ವಿದ್ಯುತ್ ಇಲ್ಲದಿದ್ದರೂ ಉಳಿಯುವ ಫ್ಲ್ಯಾಶ್ ಮೆಮೊರಿಗೆ ಹೋದವು, ಸ್ಲೈಡರ್ ಕೆಲಸ ಮುಗಿಯಿತು. ಅಲ್ಲಿಯವರೆಗೆ ಹಿಂದೆ ಸುಮ್ಮನೆ ಕೂತ ಪ್ರತಿ ಪ್ರೋಗ್ರಾಂ ನಿಮ್ಮ ಜಾಗವನ್ನೇ ತಿನ್ನುತ್ತಿತ್ತು. ಮೇಲಿಂದ, ಆಗಿನ ವಿಂಡೋಸ್ ಸಿಇಯಲ್ಲಿ ಒಟ್ಟು 32 ಪ್ರೊಸೆಸ್, ಅಂದರೆ ಓಡುವ ಪ್ರೋಗ್ರಾಂ, ಮಾತ್ರ ಓಡಬಹುದಿತ್ತು. ಅದರಲ್ಲಿ ಕೆಲವು ಸಿಸ್ಟಮ್‌ನದ್ದೇ. ಪ್ರೋಗ್ರಾಂ ಮುಚ್ಚಬೇಕು ಅನ್ನೋದು ಆಗ ಚಟ ಅಲ್ಲ, ಅಗತ್ಯ.

ಎಲ್ಲಕ್ಕಿಂತ ಜಾಸ್ತಿ ಕಾಡುತ್ತಿದ್ದದ್ದು ಜಿಪಿಎಸ್. ಆಗ ಜಿಪಿಎಸ್ ರಿಸೀವರ್ ಬ್ಲೂಟೂತ್ ಮೂಲಕವೋ ಕೇಬಲ್ ಮೂಲಕವೋ ಒಂದು ಸೀರಿಯಲ್ ಪೋರ್ಟ್, ಅಂದರೆ ಮಾಹಿತಿ ಬರುವ ಕಿಂಡಿ, ಆಗಿ ಕಾಣಿಸುತ್ತಿತ್ತು. ಒಂದು ಪೋರ್ಟನ್ನು ಒಂದು ಸಮಯಕ್ಕೆ ಒಂದೇ ಪ್ರೋಗ್ರಾಂ ತೆರೆಯಬಹುದು. ನಕ್ಷೆಯ ಪ್ರೋಗ್ರಾಂ ನೋಡಿದಿರಿ, ಎಕ್ಸ್ ಒತ್ತಿದಿರಿ, ನಡೆದ ದಾರಿ ದಾಖಲಿಸುವ ಇನ್ನೊಂದು ಪ್ರೋಗ್ರಾಂ ತೆರೆದಿರಿ. ಅದು ಪೋರ್ಟ್ ಸಿಗುತ್ತಿಲ್ಲ ಅನ್ನುತ್ತದೆ. ರಿಸೀವರ್ ಆನ್ ಇದೆ, ದೀಪ ಮಿನುಗುತ್ತಿದೆ, ಬ್ಲೂಟೂತ್ ಸರಿ ಇದೆ. ಮತ್ತೇನು? "ಮುಚ್ಚಿದ" ನಕ್ಷೆ ಪ್ರೋಗ್ರಾಂ ಹಿಂದೆ ಕೂತು ಪೋರ್ಟನ್ನು ಬಿಗಿಯಾಗಿ ಹಿಡಿದುಕೊಂಡಿದೆ. ಇದು ತಿಳಿಯದೆ ಎಷ್ಟು ಜನ ರಿಸೀವರ್ ಕೆಟ್ಟಿದೆ ಅಂದುಕೊಂಡರೋ! ಒಂದೇ ಜಿಪಿಎಸ್ಸನ್ನು ಹಲವು ಪ್ರೋಗ್ರಾಂಗಳು ಹಂಚಿಕೊಳ್ಳುವ ವ್ಯವಸ್ಥೆ ಕೂಡ ವಿಂಡೋಸ್ ಮೊಬೈಲ್ 5ರಲ್ಲೇ ಬಂದದ್ದು.

ಪಾಕೆಟ್ ಪಿಸಿಗೆ ಎದುರಾಳಿ ಯಂತ್ರಗಳನ್ನು ಮಾಡುತ್ತಿದ್ದ ಪಾಮ್‌ನವರು ಈ ಗೋಜಲಿಗೇ ಹೋಗಲಿಲ್ಲ. 1996ರ ಮೊದಲ ಪೈಲಟ್‌ನಲ್ಲಿದ್ದದ್ದು 128 ಕೆಬಿ ಮೆಮೊರಿ. ಎಂಬಿ ಅಲ್ಲ, ಕೆಬಿ. ಬಳಸುವವರ ಮಟ್ಟಿಗೆ ಒಂದು ಸಲಕ್ಕೆ ಒಂದೇ ಪ್ರೋಗ್ರಾಂ. ಕೆಳಗಿನ ನಾಲ್ಕು ಗುಂಡಿಗಳಲ್ಲಿ ವಿಳಾಸದ್ದು ಒತ್ತಿದರೆ ವಿಳಾಸ, ಡೇಟ್‌ಬುಕ್‌ದು ಒತ್ತಿದರೆ ಡೇಟ್‌ಬುಕ್. ಇನ್ನೊಂದನ್ನು ತೆರೆದ ಕೂಡಲೇ ಮೊದಲಿನದಕ್ಕೆ ನಿಲ್ಲು ಅನ್ನೋ ಸೂಚನೆ ಹೋಗುತ್ತಿತ್ತು, ಅದು ತನ್ನ ಸ್ಥಿತಿಯನ್ನು ಬರೆದಿಟ್ಟು ಮುಗಿಸುತ್ತಿತ್ತು. ಮುಚ್ಚುವ ಗುಂಡಿ ಇಲ್ಲ, ಸೇವ್ ಮಾಡುವ ಗುಂಡಿಯೂ ಇಲ್ಲ. ಬೇಕಾಗಿರಲೇ ಇಲ್ಲ. ಅಂಗಡಿ ಗುಮಾಸ್ತ ಒಂದು ಲೆಕ್ಕದ ಪುಸ್ತಕಕ್ಕೆ ದಾರ ಇಟ್ಟು ಮಡಚಿ ಇನ್ನೊಂದನ್ನು ಬಿಡಿಸುತ್ತಾನಲ್ಲ, ಹಾಗೆ. ನಿಜ, ಇಂಟರ್ನೆಟ್ ಪುಟವೊಂದು ಇಳಿಯುತ್ತಿರುವಾಗ ಇನ್ನೇನೋ ನೋಡಿ ಬರೋಣ ಅಂದರೆ ಆಗುತ್ತಿರಲಿಲ್ಲ. ಆ ಮಿತಿ ಸಣ್ಣದಲ್ಲ. ಆದರೆ ಅದು ಎದುರಿಗೇ ಕಾಣುವ ಮಿತಿ, ಅದರಲ್ಲಿ ಮೋಸ ಇರಲಿಲ್ಲ.

ಸಿಯಾನ್ ಕಂಪನಿಯ ಪುಟ್ಟ ಕಂಪ್ಯೂಟರ್ ಬಳಸಿದವರು ಇಲ್ಲಿ ನಗುತ್ತಿರಬಹುದು. 1997ರ ಸೀರೀಸ್ 5ರಲ್ಲಿ ಹಲವು ಪ್ರೋಗ್ರಾಂಗಳು ಒಟ್ಟಿಗೆ ಓಡುತ್ತಿದ್ದವು, ಕಂಟ್ರೋಲ್ ಮತ್ತು ಇ ಒತ್ತಿದರೆ ಎದುರಿಗಿರುವುದು ಮುಚ್ಚುತ್ತಿತ್ತು. ಮುಗಿಯಿತು. ಅದೇ ಬಳಗದಿಂದ ಬೆಳೆದ ಸಿಂಬಿಯನ್ ತಂತ್ರಾಂಶವಿದ್ದ, ನೋಕಿಯಾದಂಥ ಎಸ್60 ಫೋನುಗಳಲ್ಲೂ ಮೆನು ಗುಂಡಿ ಒತ್ತಿ ಹಿಡಿದರೆ ಓಡುತ್ತಿರುವುದೆಲ್ಲ ಕಾಣುತ್ತಿತ್ತು, ಸಿ ಗುಂಡಿ ಒತ್ತಿ ಒಂದೊಂದನ್ನೇ ಮುಚ್ಚಬಹುದಿತ್ತು. ಕಷ್ಟದ ಕೆಲಸವೇನೂ ಅಲ್ಲ ಅಂತ ತೋರಿಸಲು ಇಷ್ಟು ಸಾಕು.

ಪಾಕೆಟ್ ಪಿಸಿ ಲೋಕದಲ್ಲಿ ಮಾತ್ರ ಈ ಒಂದು ಎಕ್ಸ್ ಸುತ್ತ ಒಂದು ಸಣ್ಣ ಮಾರುಕಟ್ಟೆಯೇ ಹುಟ್ಟಿಕೊಂಡಿತು. ಎಕ್ಸ್ ಒತ್ತಿದರೆ ನಿಜವಾಗಿ ಮುಚ್ಚುವ ಹಾಗೆ, ಒತ್ತಿ ಹಿಡಿದರೆ ಬಚ್ಚಿಡುವ ಹಾಗೆ ಬದಲಿಸುವ ಪುಟ್ಟ ಪ್ರೋಗ್ರಾಂಗಳು ಒಂದರ ಹಿಂದೆ ಒಂದು ಬಂದವು. ಎಚ್‌ಪಿ, ಎಚ್‌ಟಿಸಿಯಂಥ ತಯಾರಕರು ಓಡುತ್ತಿರುವುದನ್ನು ತೋರಿಸಿ ಮುಚ್ಚುವ ತಮ್ಮದೇ ಟಾಸ್ಕ್ ಮ್ಯಾನೇಜರ್ ತುಂಬಿಸಿ ಕೊಡಲು ಶುರು ಮಾಡಿದರು. ಯಂತ್ರ ಕೊಂಡವರೂ ಯಂತ್ರ ಮಾಡಿದವರೂ ಒಂದೇ ದೂರು ಹೇಳುತ್ತಿದ್ದಾರೆ ಅಂದಮೇಲೆ ಅರ್ಥವಾಗಬೇಕಿತ್ತು, ಅಲ್ವಾ? ಮೈಕ್ರೋಸಾಫ್ಟ್ ಸ್ವತಃ ಟಾಸ್ಕ್ ಮ್ಯಾನೇಜರ್ ಸೇರಿಸಿದ್ದು 2008ರ ವಿಂಡೋಸ್ ಮೊಬೈಲ್ 6.1ರಲ್ಲಿ. ಅಷ್ಟರಲ್ಲಿ ಐಫೋನ್ ಬಂದು ವರ್ಷವಾಗುತ್ತಾ ಬಂದಿತ್ತು.

2009ರಲ್ಲಿ ಪಾಮ್ ಪ್ರೀ ಫೋನ್ ಬಂತು. ಓಡುತ್ತಿರುವ ಪ್ರತಿ ಪ್ರೋಗ್ರಾಂ ಒಂದು ಕಾರ್ಡ್, ಪಕ್ಕಕ್ಕೆ ಸರಿಸಿದರೆ ಇನ್ನೊಂದು, ಮೇಲಕ್ಕೆ ಎಸೆದರೆ ಮುಚ್ಚಿತು. ಎದುರಿಗೆ ಕಂಡದ್ದೇ ಒಳಗೂ ನಡೆಯುತ್ತಿತ್ತು. ಈಗ ಎಲ್ಲ ಫೋನುಗಳಲ್ಲೂ ಇರುವುದು ಹೆಚ್ಚುಕಡಿಮೆ ಅದೇ ನೋಟ. ಆದರೆ ಒಳಗಿನ ಲೆಕ್ಕ ಬದಲಾಗಿದೆ. ಈಗ ಹಿಂದಿರುವ ಆಪ್‌ಗಳನ್ನು ಸಿಸ್ಟಮ್ ತಾನೇ ನಿದ್ದೆಗೆ ಹಾಕುತ್ತದೆ, ಮೆಮೊರಿ ಬೇಕಾದರೆ ತೆಗೆದುಹಾಕುತ್ತದೆ. ಆಪ್ ಸ್ತಬ್ಧವಾದಾಗ ಮಾತ್ರ ಮುಚ್ಚಿ ಅಂತ ಆಪಲ್ ಕೂಡ ಹೇಳುತ್ತದೆ. 2000ದ ಯೋಚನೆಯೇ ಗೆದ್ದಿತು ಅನ್ನಿ. ಗೆದ್ದದ್ದು ಯಾಕೆಂದರೆ ಮೆಮೊರಿ ಬೆಳೆಯಿತು, ಬರೆಯುವವರು ಸಿಸ್ಟಮ್‌ನ ಮಾತು ಕೇಳಲೇಬೇಕಾಯಿತು. ಮುಖ್ಯವಾಗಿ, ಮುಚ್ಚುವ ದಾರಿಯನ್ನು ಬೆರಳಿಗೆ ಸಿಗುವ ಹಾಗೆ ಇಟ್ಟರು. ಆದರೂ ಕೆಲವರು ಐದು ನಿಮಿಷಕ್ಕೊಮ್ಮೆ ಎಲ್ಲ ಆಪ್ ಎಸೆಯುತ್ತಾರೆ. ನಾನು ಅವರನ್ನು ತಡೆಯಲು ಹೋಗುವುದಿಲ್ಲ. ಹಳೇ ಯಂತ್ರಗಳು ಕೊಟ್ಟ ಪೆಟ್ಟು ಅಷ್ಟು ಬೇಗ ಮರೆಯುವಂಥದ್ದಲ್ಲ.

ಯಾರ ಹತ್ತಿರವಾದರೂ ಇನ್ನೂ ಓಡುವ ಪಾಕೆಟ್ ಪಿಸಿ ಇದ್ದರೆ ಇದನ್ನು ಮಾಡಿ ನೋಡಿ. ಮುಚ್ಚಬೇಕಾದ ಪ್ರೋಗ್ರಾಂ ಎದುರಿಗಿರುವಾಗ ಪರದೆಯ ಕೀಬೋರ್ಡ್ ತೆರೆಯಿರಿ, ಮೊದಲು ಕಂಟ್ರೋಲ್ ಒತ್ತಿ, ಆಮೇಲೆ ಕ್ಯೂ ಒತ್ತಿ. ಬಹುತೇಕ ಪ್ರೋಗ್ರಾಂಗಳು ಅಲ್ಲೇ ಮುಚ್ಚುತ್ತವೆ, ಸೆಟ್ಟಿಂಗ್ಸ್‌ವರೆಗೆ ಹೋಗಬೇಕಿಲ್ಲ. ಅದಕ್ಕೂ ಬಗ್ಗದಿದ್ದರೆ ಸ್ಟೈಲಸ್ ತುದಿಯಿಂದ ರಿಸೆಟ್ ಗುಂಡಿ ಒತ್ತಿ, ಫೈಲುಗಳಿಗೆ ಏನೂ ಆಗುವುದಿಲ್ಲ. ಪವರ್ ಗುಂಡಿಯನ್ನು ಮಾತ್ರ ಜೊತೆಗೆ ಹಿಡಿಯಬೇಡಿ. ಕೆಲವು ಮಾಡೆಲ್‌ಗಳಲ್ಲಿ ಎಲ್ಲವನ್ನೂ ಅಳಿಸಿಹಾಕುವ ಹಾರ್ಡ್ ರಿಸೆಟ್ ಅದೇ.