ಸ್ಪಷ್ಟನೆ: ‘ಮುಟ್ಟದೆ ನೋಡಿದರೆ ಏನೂ ಆಗಲ್ಲ’ ಎಂಬುದು ನಿಜವಲ್ಲ

‘ಕರೆಂಟ್ ಇರುವ ಪ್ಯಾನೆಲ್ ಬೋರ್ಡನ್ನು ಯಾರು ಬೇಕಾದರೂ ತೆಗೆದು ನೋಡಬಹುದು, ಮುಟ್ಟದಿದ್ದರೆ ಸಾಕು’ ಎಂಬ ಮೆಸೇಜ್ ವಾಟ್ಸಾಪ್‌ನಲ್ಲಿ ಓಡಾಡುತ್ತಿದೆ. ಇದು ತಪ್ಪು. ದಯವಿಟ್ಟು ಮುಂದೆ ಕಳಿಸಬೇಡಿ.

ಇಲ್ಲಿ ಶಾಕ್ ಒಂದೇ ಭಯ ಅಲ್ಲ. ಮುಚ್ಚಳ ಬಿಚ್ಚುವಾಗ ಸ್ಕ್ರೂಡ್ರೈವರ್ ಜಾರಿ ಎರಡು ಬಸ್‌ಬಾರ್‌ಗಳ (ಕರೆಂಟ್ ಹರಿಯುವ ಲೋಹದ ಪಟ್ಟಿಗಳ) ನಡುವೆ ಬಿತ್ತು ಅಂದುಕೊಳ್ಳಿ. ಅಲ್ಲೇ ಆರ್ಕ್, ಅಂದರೆ ಗಾಳಿಯಲ್ಲೇ ಕರೆಂಟ್ ಹಾಯ್ದು ಹುಟ್ಟುವ ಭಾರೀ ಕಿಡಿ, ಹೊತ್ತಿಕೊಳ್ಳುತ್ತದೆ. ಅದರ ಬಿಸಿ ಸುಮಾರು 19,000 ಡಿಗ್ರಿ ಸೆಲ್ಸಿಯಸ್‌ವರೆಗೂ ಹೋಗಬಹುದು. ಕರಗಿದ ತಾಮ್ರ ಮುಖಕ್ಕೆ ಸಿಡಿಯುತ್ತದೆ. ಮೈಮೇಲೆ ಪಾಲಿಯೆಸ್ಟರ್ ಶರ್ಟ್ ಇದ್ದರೆ ಅದೂ ಕರಗಿ ಚರ್ಮಕ್ಕೆ ಅಂಟುತ್ತದೆ. ಪಕ್ಕದಲ್ಲಿ ಸುಮ್ನೆ ನಿಂತವರಿಗೂ ಈ ಅಪಾಯ ತಪ್ಪೋದಿಲ್ಲ, ಅಲ್ವಾ?

ಕೇಂದ್ರ ವಿದ್ಯುತ್ ಪ್ರಾಧಿಕಾರದ 2023ರ ಸುರಕ್ಷತಾ ನಿಯಮಗಳ ಪ್ರಕಾರ, ಇಂಥ ಕೆಲಸಕ್ಕೆ ನೇಮಿಸಿದವರ ಹೆಸರು ರಿಜಿಸ್ಟರ್‌ನಲ್ಲಿ ಇರಬೇಕು. ಆ ಹೆಸರು ಇಲ್ಲದ ಹೆಲ್ಪರ್ ಹುಡುಗನ ಕೈಗೆ ಟಾರ್ಚ್ ಕೊಟ್ಟು ‘ನೋಡಿ ಬಾ’ ಅನ್ನಬೇಡಿ. ಆದಷ್ಟೂ ಸಪ್ಲೈ ಆಫ್ ಮಾಡಿಸಿ, ಬೀಗ ಹಾಕಿಸಿ, ಆಮೇಲೆ ತೆಗೆಸಿ.